ಹಗ್ಗ ಹಿಡಿಯುವ ಕೈ

ಮೊದಲ ಏಟು ಬಿದ್ದಾಗ ಮಾದುವಿನ ಬಾಯಲ್ಲಿ ಮುದ್ದೆಯಿತ್ತು. ನುಂಗುವುದಕ್ಕೂ ಬಿಡಲಿಲ್ಲ. ಎರಡನೆಯ ಏಟಿಗೆ ತುತ್ತು ನೆಲಕ್ಕೆ ಬಿತ್ತು, ಅದರ ಹಿಂದೆಯೇ ರಕ್ತವೂ ಬಿತ್ತು. ಒಲೆಯ ಮುಂದೆ ಕೂತಿದ್ದ ಅವನ ಹೆಂಡತಿ ರಾಮಮ್ಮ ಎದ್ದು ಬರುವಷ್ಟರಲ್ಲಿ ಗುತ್ತಿಗೆದಾರನ ಇಬ್ಬರು ಆಳುಗಳು ಅವನ ರೆಟ್ಟೆ ಹಿಡಿದು ಬಾಗಿಲಿನಾಚೆಗೆ ಎಳೆದಾಗಿತ್ತು.

"ಊರಿಗೂರೇ ಒಳೆತಾವ ನಿಂತದೆ, ನೀನು ಉಣ್ಕಂಡ್ ಕೂತಿದ್ದೀಯಾ ಬಡ್ಡೀಮಗ್ನೆ?"

"ಏನಾಯ್ತು ಅಂತ ಯೋಳ್ಬುಟ್ಟು ಒಡೀರಪ್ಪಾ," ಎಂದ ಮಾದು.

"ಚಿಕ್ಕಬುದ್ದ್ಯೋರು ಮುಳ್ಗೋಗವ್ರೆ. ನಡಿ."

ಒಡೆಯನನ್ನು ಬುದ್ಧಿ ಎನ್ನುತ್ತಿದ್ದರು; ಚಿಕ್ಕಬುದ್ಧಿ ಎಂದರೆ ನಟರಾಜ. ಮರಳಿನ ಗುತ್ತಿಗೆದಾರ ಶಿವಮಲ್ಲಪ್ಪನ ಒಬ್ಬನೇ ಮಗ. ಇಪ್ಪತ್ತೆರಡು ವರ್ಷ. ಕಾರ್ತಿಕ ಸೋಮವಾರ ಹೊಳೆಸ್ನಾನ ಮಾಡಿ ಪೂಜೆಗೆ ಹೋಗುತ್ತೇನೆಂದು ಗೆಳೆಯರ ಜೊತೆ ನೀರಿಗಿಳಿದಿದ್ದ. ಮೆಟ್ಟಿಲಿನಿಂದ ಹತ್ತು ಹೆಜ್ಜೆ ದಾಟಿದರೆ ಅವನ ಅಪ್ಪ ತೋಡಿಸಿದ ಗುಂಡಿಯಿತ್ತು. ಹನ್ನೊಂದನೆಯ ಹೆಜ್ಜೆಗೆ ಅವನ ಕಾಲ ಕೆಳಗೆ ನೆಲವಿರಲಿಲ್ಲ. ಗೆಳೆಯರು ಕಿರುಚಿಕೊಂಡು ದಡಕ್ಕೆ ಓಡಿದರು. ಒಬ್ಬನೂ ಕೈಕೊಡಲಿಲ್ಲ. ಆಗಲೇ ಒಂದು ಗಂಟೆ ಕಳೆದಿತ್ತು.

ಕಪಿಲೆ ನಂಜನಗೂಡು ದಾಟಿ ನರಸೀಪುರದ ಕಡೆ ಹರಿಯುವ ದಾರಿಯಲ್ಲಿ ಹೊಳೆಸಾಲು ಎಂಬುದೊಂದು ಊರು. ದಡದ ಮರಳೆಲ್ಲ ಲಾರಿ ಹತ್ತಿ ಹೋಗಿ ಆ ಎರಡು ಸಾವಿರದ ಆರನೇ ಇಸವಿಗೆ ಇಪ್ಪತ್ತು ವರ್ಷವಾಗಿತ್ತು. ಉಳಿದದ್ದು ನೀರೊಳಗಿನ ಮರಳು. ಅದನ್ನು ತೆಗೆಯುವವರು ಕೇರಿಯ ಗಂಡಸರು. ತೆಪ್ಪದಿಂದ ಬಿದಿರಿನ ಮಂಕರಿ ಹಿಡಿದು ಎರಡಾಳುದ್ದ ಮುಳುಗಬೇಕು. ಕಣ್ಣು ಕಾಣದ ತಳದಲ್ಲಿ ಕೈಯಿಂದಲೇ ಬಾಚಿ ತುಂಬಬೇಕು. ಹಗ್ಗ ಜಗ್ಗಬೇಕು. ಮೇಲೆ ತೆಪ್ಪದಲ್ಲಿ ಕೂತ ಹೆಂಡತಿ ಗಂಡನನ್ನೂ ಮಂಕರಿಯನ್ನೂ ಎಳೆದುಕೊಳ್ಳಬೇಕು. ಹೀಗೆ ದಿನಕ್ಕೆ ಎಪ್ಪತ್ತು ಎಂಬತ್ತು ಸಲ. ಸಂಜೆಯ ಹೊತ್ತಿಗೆ ಗಂಡಸಿನ ಕಿವಿಯಲ್ಲಿ ರಕ್ತ, ಹೆಂಗಸಿನ ಅಂಗೈಯಲ್ಲಿ ರಕ್ತ.

ಹಗ್ಗದ ಒಂದು ತುದಿ ಗಂಡಸಿನ ಸೊಂಟದಲ್ಲಿರುತ್ತಿತ್ತು. ಇನ್ನೊಂದು ತುದಿ ಹೆಂಗಸಿನ ಕೈಯಲ್ಲಿ. ಆ ತುದಿಯನ್ನು ತೆಪ್ಪಕ್ಕಾಗಲಿ, ಗೂಟಕ್ಕಾಗಲಿ ಕಟ್ಟುವಂತಿರಲಿಲ್ಲ. ಇದು ಕೇರಿಯ ಕಟ್ಟಳೆ. ಕಟ್ಟಿದ ಹಗ್ಗ ಕುರುಡು. ಕೈಯಲ್ಲಿರುವ ಹಗ್ಗಕ್ಕೆ ತಳದ ಸುದ್ದಿಯೆಲ್ಲ ಗೊತ್ತಾಗುತ್ತದೆ. ಒಂದು ಜಗ್ಗು ಎಂದರೆ ಮಂಕರಿ ತುಂಬಿದೆ. ಎರಡು ಎಂದರೆ ಹಗ್ಗ ಸಡಿಲ ಬಿಡು. ನಿಲ್ಲದೆ ನಡುಗಿದರೆ ಎಲ್ಲ ಬಿಟ್ಟು ನನ್ನನ್ನು ಎಳೆ. ಮದುವೆಯಾಗಿ ಬಂದ ಹುಡುಗಿಗೆ ಅತ್ತೆಯಾದವಳು ಒಲೆ ತೋರಿಸುವ ಮೊದಲು ಹಗ್ಗ ಹಿಡಿಸುತ್ತಿದ್ದಳು. ಗಂಡ ಹೆಂಡತಿ ಜಗಳವಾಡಿದ ದಿನ ಆ ಮನೆಯವರು ಹೊಳೆಗೆ ಇಳಿಯುತ್ತಿರಲಿಲ್ಲ.

ಗುಂಡಿಗೆ ಬಿದ್ದು ಸತ್ತವರನ್ನು ತೆಗೆಯುವವರೂ ಇವರೇ. ಅಗ್ನಿಶಾಮಕದ ಕೆಂಪು ಗಾಡಿ ಬರುತ್ತಿತ್ತು, ಖಾಕಿ ತೊಟ್ಟವರು ಸಾಲಾಗಿ ದಡದಲ್ಲಿ ನಿಲ್ಲುತ್ತಿದ್ದರು, ಮಾದು ಮುಳುಗುತ್ತಿದ್ದ. ಮೂರು ದಿನ ನೀರಲ್ಲಿ ನೆಂದ ಹೆಣದ ಚರ್ಮ ಕೈಗೆ ಕಿತ್ತು ಬರುತ್ತಿತ್ತು. ಅದನ್ನು ತಬ್ಬಿಕೊಂಡು ಮೇಲೆ ಬರುತ್ತಿದ್ದ. ಮಾರನೆಯ ದಿನ ಪೇಪರಿನಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಸಾಹಸ ಎಂದು ಬರುತ್ತಿತ್ತು. ಏಳನೇ ಕ್ಲಾಸು ಓದಿದ್ದ ರಾಮಮ್ಮ ಒಮ್ಮೆ ಬೋಂಡ ಕಟ್ಟಿಕೊಟ್ಟ ಕಾಗದದಲ್ಲಿ ಅದನ್ನು ಓದಿದ್ದಳು. ಗಂಡನಿಗೆ ಹೇಳಿರಲಿಲ್ಲ. ಬೋಂಡ ತಿನ್ನುತ್ತಿದ್ದ, ತಿನ್ನಲಿ ಎಂದು ಸುಮ್ಮನಾಗಿದ್ದಳು.

ಹೋದ ವರ್ಷದ ನೆರೆಯ ಮೇಲೆ ಅಗ್ನಿಶಾಮಕ ಠಾಣೆಗೆ ಕಿತ್ತಳೆ ಬಣ್ಣದ ರಬ್ಬರ್ ದೋಣಿ ಬಂತು. ಹಿಂದೆ ಮೋಟಾರು, ಸುತ್ತ ಹಿಡಿದುಕೊಳ್ಳಲು ಹಗ್ಗ, ಮೂತಿಯಲ್ಲಿ ಕಬ್ಬಿಣದ ಬಳೆ. ಆಯುಧಪೂಜೆಯ ದಿನ ಅದಕ್ಕೆ ಬೂದುಗುಂಬಳ ಒಡೆದರು. ಊರದೇವರ ತೆಪ್ಪೋತ್ಸವದಲ್ಲಿ ಅದು ದೇವರ ಹಿಂದೆ ಕಾವಲಿಗೆ ಹೋಯಿತು. ಆಮೇಲೆ ಅದಕ್ಕೆ ಹೆಣ ಹಾಕುವಂತಿರಲಿಲ್ಲ. ಹೆಣ ಮುಟ್ಟಿದವನೂ ಹತ್ತುವಂತಿರಲಿಲ್ಲ. ಮಾದು ಒಂದು ಕೈಯಲ್ಲಿ ಹೆಣ ಹಿಡಿದು ಒಂದು ಕೈಯಲ್ಲಿ ಈಜಿ ದಡ ಸೇರಬೇಕು. ದೋಣಿ ಪಕ್ಕದಲ್ಲೇ ಬರುತ್ತಿತ್ತು, ಖಾಲಿಯಾಗಿ.

ರಾಮಮ್ಮ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಗಂಡನ ಹಿಂದೆ ಓಡಿದಳು. ಹೊಳೆಯ ಹತ್ತಿರ ಕಪ್ಪು ಹೊಗೆ ಕಾಣಿಸಿತು. ಹತ್ತಿರ ಹೋದ ಮೇಲೆ ಹೊಗೆ ಯಾತರದು ಎಂದು ತಿಳಿಯಿತು. ಶಿವಮಲ್ಲಪ್ಪನ ಆಳುಗಳು ತೆಪ್ಪಗಳನ್ನು ಕೊಡಲಿಯಲ್ಲಿ ಕಡಿದು ಬೆಂಕಿಗೆ ಹಾಕುತ್ತಿದ್ದರು. ಕೇರಿಯ ಹನ್ನೊಂದು ತೆಪ್ಪವೂ ಒಂದೇ ರಾಶಿಯಲ್ಲಿದ್ದವು. ಅವಳದು ಮೇಲೆಯೇ ಇತ್ತು. ಬಿದಿರು ಸಿಡಿಯುತ್ತಿತ್ತು, ಟಾರು ಕರಗಿ ಸುರಿಯುತ್ತಿತ್ತು.

"ಯಾಕ್ರಪ್ಪಾ?" ಎಂದಳು. ಅಷ್ಟೇ ಬಾಯಿಗೆ ಬಂದದ್ದು.

"ತಹಸೀಲ್ದಾರ್ರು ಬತ್ತಾವ್ರೆ. ತೆಪ್ಪ ಯಾತಕ್ಕೆ ಅಂತ ಕೇಳುದ್ರೆ ನೀ ಯೋಳೀಯಾ?"

ತೆಪ್ಪ ಕಂಡರೆ ಮರಳು ಕಾಣುತ್ತದೆ. ಮರಳು ಕಂಡರೆ ಗುಂಡಿ ಯಾರದು ಎಂದು ಕೇಳಬೇಕಾಗುತ್ತದೆ. ಮಗ ನೀರಡಿಯಲ್ಲಿದ್ದಾಗಲೂ ಶಿವಮಲ್ಲಪ್ಪನಿಗೆ ಅಷ್ಟು ಲೆಕ್ಕ ತಪ್ಪಿರಲಿಲ್ಲ.

ಅವನು ಆಗಲೇ ರಬ್ಬರ್ ದೋಣಿಯಲ್ಲಿ ಕೂತಿದ್ದ. ಚಪ್ಪಲಿ ಕಾಲಲ್ಲೇ ಇತ್ತು. ಅಗ್ನಿಶಾಮಕ ಠಾಣೆಯ ಅಧಿಕಾರಿ ಸುಬ್ರಹ್ಮಣ್ಯ ದಡದಲ್ಲಿ ನಿಂತು ವಾಚು ನೋಡುತ್ತಿದ್ದ. ಇಬ್ಬರು ಪೊಲೀಸರು ಜನರನ್ನು ಹಿಂದಕ್ಕೆ ತಳ್ಳುತ್ತಿದ್ದರು.

"ಬಂದ್ಯಾ? ಇಳಿ ಇಳಿ," ಎಂದ ಸುಬ್ರಹ್ಮಣ್ಯ.

ಮಾದು ಬಾಯಿಯ ರಕ್ತವನ್ನು ಒರೆಸಿಕೊಂಡ. "ಇಳೀತೀನಿ ಸಾ. ತೆಪ್ಪ ಸುಟ್ಟಾಕವ್ರೆ. ನಮ್ಮೆಂಗ್ಸು ದೋಣೀಲಿ ಕೂತ್ಕಂಡು ಅಗ್ಗ ಇಡ್ಕಳ್ಲಿ."

"ಡಿಪಾರ್ಟ್‌ಮೆಂಟ್ ದೋಣಿ ಕಣಯ್ಯ ಅದು. ಹೊರಗಿನವರು ಹತ್ತೋ ಹಾಗಿಲ್ಲ. ರೂಲ್ಸ್ ಇದೆ."

"ಬುದ್ದ್ಯೋರು ಕೂತವ್ರಲ್ಲಾ ಸಾ?" ಎಂದಳು ರಾಮಮ್ಮ.

ಅವಳು ಮೆಲ್ಲಗೇ ಹೇಳಿದ್ದಳು. ಆದರೂ ಎಲ್ಲರಿಗೂ ಕೇಳಿಸಿತು. ಶಿವಮಲ್ಲಪ್ಪ ತಲೆ ತಿರುಗಿಸಿ ಅವಳನ್ನು ನೋಡಿದ. ಪಕ್ಕದಲ್ಲಿದ್ದ ಆಳು ಅವಳ ಕೆನ್ನೆಗೆ ಬಾರಿಸಿದ.

ದೋಣಿಯ ಮೂತಿಯಲ್ಲಿ ನಿಂತಿದ್ದ ಫೈರ್‌ಮ್ಯಾನ್ ಶಿವಣ್ಣ ನಕ್ಕ. "ಸೀರೆ ಉಟ್ಕೊಂಡು ದೋಣಿ ಹತ್ತಿದ್ರೆ ಮೀನೆಲ್ಲಾ ನಗಾಡ್ತವೆ ಕಣಮ್ಮ. ನಾನಿಲ್ವಾ? ನಂಗೆ ಟ್ರೈನಿಂಗ್ ಆಗಿದೆ. ಕೊಡಿಲ್ಲಿ ಹಗ್ಗ."

ಮಾದು ಹೆಂಡತಿಯ ಹೆಗಲಿನಿಂದ ಹಗ್ಗ ತೆಗೆದುಕೊಂಡ. ಒಂದು ತುದಿಯನ್ನು ಸೊಂಟಕ್ಕೆ ಬಿಗಿದ. ಇನ್ನೊಂದು ತುದಿಯನ್ನು ಶಿವಣ್ಣನ ಕೈಗೆ ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟ.

"ಕಟ್ಬ್ಯಾಡಿ ಸಾ. ಕೈಯಾಗೇ ಇಡ್ಕಳಿ. ತಳ್ದಾಗೆ ಹಳೇ ಪಂಪಿನ್ ಪೈಪು ಅದೆ. ದೋಣಿ ಜರುಗುದ್ರೆ ಅಗ್ಗ ಸುತ್ಕತದೆ. ನಡುಗುದ್ರೆ ಎಳ್ದುಬುಡಿ."

"ನಂಗೇ ಪಾಠ ಹೇಳ್ತೀಯಾ? ಇಳಿಯಯ್ಯ."

ಮಾದುವಿನ ಸೊಂಟದಲ್ಲಿ ಯಾವಾಗಲೂ ಒಂದು ಸಣ್ಣ ಕುಡುಗೋಲಿರುತ್ತಿತ್ತು. ಹಗ್ಗ ಸಿಕ್ಕಿಕೊಂಡರೆ ಕೊಯ್ದುಕೊಳ್ಳಲು. ಶಿವಮಲ್ಲಪ್ಪ ಅದನ್ನು ಕಂಡ. "ಅದ ತಗೀರ್ಲಾ. ನನ್ ಮಗುನ್ ಮೈಗೆ ತಾಗುದ್ರೆ?" ಪೊಲೀಸಿನವನು ಅದನ್ನು ಕಿತ್ತುಕೊಂಡ. ಆಳೊಬ್ಬ ಬ್ರಾಂದಿ ಬಾಟಲಿ ತಂದ. ಹೆಣ ತೆಗೆಯುವವನಿಗೆ ಕುಡಿಸುವುದು ಊರಿನವರ ಪದ್ಧತಿ. ಮಾದು ಮುಖ ತಿರುಗಿಸಿದ. ಕುಡಿದರೆ ಉಸಿರು ಹಿಡಿಯಲಾಗುವುದಿಲ್ಲ, ಬೇಡ ಎಂದ. ಆಳು ಅವನ ಮೂಗು ಹಿಡಿದು, ತಲೆ ಹಿಂದಕ್ಕೆ ಬಗ್ಗಿಸಿ ಸುರಿದ. ಅರ್ಧ ಗಂಟಲಿಗೆ ಹೋಯಿತು, ಅರ್ಧ ಎದೆಗೆ ಚೆಲ್ಲಿತು.

ಕೆಮ್ಮುತ್ತಲೇ ಮಾದು ಹೆಂಡತಿಯ ಕಡೆ ನೋಡಿದ. "ಎಣುಸ್ತಾ ಇರಮ್ಮಿ," ಎಂದ.

ಅವನು ಮುಳುಗಿದಾಗಲೆಲ್ಲ ಅವಳು ಎಣಿಸುತ್ತಿದ್ದಳು. ಮರಳಿಗಾದರೆ ಐವತ್ತು. ಹೆಣಕ್ಕಾದರೆ ತೊಂಬತ್ತು. ಒಂದೇ ಒಂದು ಸಲ ನೂರಿಪ್ಪತ್ತಕ್ಕೆ ಬಂದಿದ್ದ. ಆ ದಿನ ಮೂಗಲ್ಲೂ ರಕ್ತ ಬಂದಿತ್ತು.

ಮಾದು ದೋಣಿಯ ಪಕ್ಕದಲ್ಲಿ ಈಜಿಕೊಂಡು ಹೋದ. ಗುಂಡಿಯ ಮೇಲೆ ದೋಣಿ ನಿಂತಿತು. ಅವನು ಮೂರು ಸಲ ಉಸಿರೆಳೆದುಕೊಂಡು ಮುಳುಗಿದ.

ಒಂದು. ಎರಡು. ಮೂರು.

ರಾಮಮ್ಮ ಮೊಣಕಾಲು ನೀರಿನಲ್ಲಿ ನಿಂತು ಶಿವಣ್ಣನ ಕೈಯನ್ನೇ ನೋಡುತ್ತಿದ್ದಳು. ಹಗ್ಗವನ್ನು ಅವನು ಎರಡು ಬೆರಳಲ್ಲಿ ಹಿಡಿದಿದ್ದ. ವರ್ಷಗಟ್ಟಲೆ ಹೆಣಗಳ ಜೊತೆ ಮುಳುಗೆದ್ದ ಹಗ್ಗ ಅದು. ಮೂವತ್ತಕ್ಕೆ ಅವನ ಜೇಬಿನ ಫೋನು ಹೊಡೆದುಕೊಂಡಿತು. ಅವನು ಹಗ್ಗವನ್ನು ದೋಣಿಯ ಬಳೆಗೆ ಸುತ್ತಿ ಗಂಟು ಹಾಕಿದ. ಕರ್ಚೀಫಿನಲ್ಲಿ ಕೈ ಒರೆಸಿಕೊಂಡ. ಒರೆಸಿಕೊಂಡು ಫೋನು ತೆಗೆದ.

"ಕಟ್ಬ್ಯಾಡಿ!" ರಾಮಮ್ಮ ಕಿರುಚಿದಳು. "ಸಾ, ಕಟ್ಬ್ಯಾಡಿ! ಬಿಚ್ಚಿ!"

"ಸುಮ್ನಿರಮ್ಮ," ಎಂದ ಸುಬ್ರಹ್ಮಣ್ಯ. "ಅವನ ಕೆಲಸ ಅವನು ಮಾಡ್ತಾನೆ."

ದೋಣಿ ಸೆಳವಿಗೆ ಮೆಲ್ಲಗೆ ಜರುಗುತ್ತಿತ್ತು. ಒಂದು ಮಾರು. ಎರಡು ಮಾರು. ಸಡಿಲವಾಗಿದ್ದ ಹಗ್ಗ ಓರೆಯಾಯಿತು. ಬಿಗಿಯಾಯಿತು. ಅರವತ್ತೆರಡಕ್ಕೆ ನಡುಗಿತು. ಸುಮ್ಮನಾಯಿತು. ಎಪ್ಪತ್ತಕ್ಕೆ ಮತ್ತೆ ನಡುಗಿದ್ದು ನಿಲ್ಲಲೇ ಇಲ್ಲ. ಬಳೆ ರಬ್ಬರಿಗೆ ಬಡಿದು ಟಪಟಪ ಸದ್ದು ಮಾಡುತ್ತಿತ್ತು. ಶಿವಣ್ಣ ಒಂದು ಕಿವಿಗೆ ಬೆರಳಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ.

ರಾಮಮ್ಮ ನೀರಿಗೆ ನುಗ್ಗಿದಳು. ಪೊಲೀಸಿನವನು ಅವಳ ಜಡೆ ಹಿಡಿದು ಎಳೆದ. ಅವಳು ತಿರುಗಿ ಅವನ ಮಣಿಕಟ್ಟನ್ನು ಕಚ್ಚಿದಳು. ಬಾಯಿಗೆ ಉಪ್ಪು ಬರುವವರೆಗೂ ಬಿಡಲಿಲ್ಲ. ಅವನು ಬಿಟ್ಟ. ಅವಳು ಈಜಿದಳು. ಸೀರೆ ಕಾಲಿಗೆ ಸುತ್ತಿಕೊಂಡಿತು, ಒದ್ದು ಬಿಡಿಸಿಕೊಂಡಳು. ನೂರು. ನೂರಾ ಹತ್ತು. ದೋಣಿಯ ಅಂಚಿಗೆ ಕೈ ಸಿಕ್ಕಿತು.

"ಎಳೀರೀ! ನನ್ ಗಂಡ ಸಾಯ್ತಾವ್ನೆ, ಎಳೀರಿ!"

"ಏಯ್, ಕೈ ತೆಗಿ! ದೋಣಿ ಮಗುಚುತ್ತೆ!"

"ಅಗ್ಗ ಎಳೀರಿ!"

ಶಿವಣ್ಣ ಹುಟ್ಟು ಎತ್ತಿ ಅವಳ ಬೆರಳಿನ ಮೇಲೆ ಹೊಡೆದ. ಒಂದು ಸಲ. ಅವಳು ಬಿಡಲಿಲ್ಲ. ಇನ್ನೊಂದು ಸಲ ಹೊಡೆದ. ಎರಡು ಬೆರಳು ಮುರಿದ ಸದ್ದು ಅವಳಿಗೇ ಕೇಳಿಸಿತು. ಕೈ ತಾನಾಗಿ ಜಾರಿತು. ನೀರೊಳಗೆ ಇಳಿಯುವಾಗ ಎಡಗೈಗೆ ಹಗ್ಗ ಸಿಕ್ಕಿತು. ಹಿಡಿದಳು.

ಹಗ್ಗ ನಡುಗುತ್ತಿರಲಿಲ್ಲ.

ಹದಿನಾರು ವರ್ಷ ಆ ಹಗ್ಗದಲ್ಲಿ ಅವನು ಅವಳೊಡನೆ ಮಾತಾಡಿದ್ದ. ಈಗ ಅದರಲ್ಲಿ ಯಾರೂ ಇರಲಿಲ್ಲ.

ಆಮೇಲೆ ಎಲ್ಲರೂ ಎಳೆದರು. ಶಿವಣ್ಣ ಎಳೆದ, ಮೋಟಾರು ನಡೆಸುವವನು ಎಳೆದ. ಹಗ್ಗ ಬರಲಿಲ್ಲ. ಪೈಪಿಗೆ ಸುತ್ತಿಕೊಂಡಿತ್ತು. ಶಿವಮಲ್ಲಪ್ಪ ಬಗ್ಗಿ ನೀರು ನೋಡಿ ಕೇಳಿದ, "ನನ್ ಮಗ ಸಿಕ್ಕುದ್ನಾ?"

ಸುಮ್ಮನೆ ಎಳೆದರೆ ಬರುವುದಿಲ್ಲ ಎಂದಾದಾಗ ಹಗ್ಗದ ತುದಿಗೆ ಒಂದು ಖಾಲಿ ಡಬ್ಬ ಕಟ್ಟಿ ಅಲ್ಲೇ ತೇಲಲು ಬಿಟ್ಟು ದೋಣಿಯನ್ನು ದಡಕ್ಕೆ ತಂದರು. ರಾಮಮ್ಮನನ್ನು ಯಾರೋ ನೀರಿನಿಂದ ಎಳೆದು ದಡದ ಮೇಲೆ ಹಾಕಿದ್ದರು. ಅವಳು ಅಂಗಾತ ಮಲಗಿದ್ದಳು. ಅಳು ಬರಲಿಲ್ಲ. ತಲೆಯ ಹತ್ತಿರ ಬೂಟುಗಳಿದ್ದವು. ಸುಬ್ರಹ್ಮಣ್ಯನ ಮಾತು ಕೇಳಿಸುತ್ತಿತ್ತು.

"ಬರ್ಕೊಳ್ಳಿ. ಕುಡಿದಿದ್ದ. ಇಳಿಬೇಡ ಅಂದ್ವಿ. ಸ್ವಂತ ಇಚ್ಛೆಯಿಂದ ಇಳಿದ."

ಪೊಲೀಸಿನವನು ಬರೆದುಕೊಂಡ. ಬ್ರಾಂದಿ ಸುರಿದವನು ಪಕ್ಕದಲ್ಲೇ ನಿಂತು, "ಊ ಸಾ, ವಾಸ್ನೆ ಒಡೀತಿತ್ತು," ಎಂದ.

ರಾಮಮ್ಮ ಕಣ್ಣು ತೆರೆದಳು. ಸುಳ್ಳು ಹೇಳುವವರು ಗುಟ್ಟಾಗಿ ಹೇಳುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಇವರು ಅವಳ ತಲೆಯ ಹತ್ತಿರವೇ ನಿಂತು, ಕಲ್ಲಿನ ಮುಂದೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು.

ಅಷ್ಟರಲ್ಲಿ ಮಾದುವಿನ ತಮ್ಮ ಚಿಕ್ಕಸ್ವಾಮಿಯನ್ನು ಎಳೆದು ತಂದಿದ್ದರು. ಅವನ ಬೆನ್ನಿನ ಮೇಲೆ ಆಗಲೇ ಬಾಸುಂಡೆಗಳಿದ್ದವು. ಅಣ್ಣ ಎಲ್ಲಿ ಎಂದು ಕೇಳಿದ. ತೇಲುತ್ತಿದ್ದ ಡಬ್ಬವನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಅವನಿಗೆ ತಿಳಿಯಿತು.

"ಮೊದ್ಲು ನಟರಾಜ," ಎಂದ ಶಿವಮಲ್ಲಪ್ಪ. "ಆಮ್ಯಾಕೆ ನಿಮ್ಮಣ್ಣ. ಇಳೀಲಾ."

"ಬುದ್ದಿ, ಅಣ್ಣುನ್ನ..."

ಲಾಠಿ ಅವನ ಮೀನಖಂಡಕ್ಕೆ ಬಿತ್ತು. ಅವನು ಕುಸಿದು ಕೂತ. ಕೂತವನ ಬೆನ್ನಿಗೆ ಇನ್ನೆರಡು ಬಿದ್ದವು. ಅವನು ಕೈ ಮುಗಿದ. "ಇಳೀತೀನಿ, ಇಳೀತೀನಿ," ಎಂದ.

"ಇಳೀಬ್ಯಾಡ ಚಿಕ್ಕಸ್ವಾಮಿ."

ರಾಮಮ್ಮ ಎದ್ದು ಕೂತಿದ್ದಳು. ಬಲಗೈಯ ಎರಡು ಬೆರಳು ಓರೆಯಾಗಿ ಊದಿಕೊಂಡಿದ್ದವು.

"ಏನಂದೆ?" ಎಂದ ಶಿವಮಲ್ಲಪ್ಪ.

"ಅವ್ನಿಗೆ ಯೋಳ್ದೆ. ಇಳೀಬ್ಯಾಡ ಅಂದೆ."

ಶಿವಮಲ್ಲಪ್ಪ ಅವಳ ಎದೆಗೆ ಒದ್ದ. ಅವಳು ಹಿಂದಕ್ಕೆ ಬಿದ್ದಳು. ಎದ್ದು ಕೂತಳು. "ಇಳೀಬ್ಯಾಡ," ಎಂದಳು. ಮತ್ತೆ ಒದ್ದ. ಮತ್ತೆ ಎದ್ದು ಕೂತಳು.

ಕೇರಿಯ ಹೆಂಗಸರು ಆಗ ದಡಕ್ಕೆ ಬಂದಿದ್ದರು. ಹೆಣ ತೆಗೆಯುವ ದಿನ ಹೊಳೆಗೆ ಬರುವಾಗ ಎಲ್ಲರೂ ಹಗ್ಗ ತರುತ್ತಾರೆ. ಒಂದು ಹಗ್ಗ ಸಾಲದಿದ್ದರೆ ಇನ್ನೊಂದು ಕಟ್ಟಲೆಂದು. ಚಿಕ್ಕಸ್ವಾಮಿಯ ಹೆಂಡತಿ ಗೋವಿಂದಮ್ಮ ಗಂಡನ ಬೆನ್ನು ನೋಡಿದಳು. ಓರಗಿತ್ತಿಯ ಕೈ ನೋಡಿದಳು. ಹೆಗಲಿನ ಸುರುಳಿಯನ್ನು ತೆಗೆದು ಉರಿಯುತ್ತಿದ್ದ ತೆಪ್ಪಗಳ ಮೇಲೆ ಎಸೆದಳು.

"ಏಯ್!"

"ನಮ್ದೇಯ ಅಗ್ಗ. ನಾವೇ ಒಸೆದಿದ್ದು," ಎಂದಳು ಗೋವಿಂದಮ್ಮ. "ಸುಟ್ಕತೀವಿ. ತೆಪ್ಪ ಸುಡ್ವಾಗ ನಮ್ಮುನ್ನ ಕೇಳುದ್ರಾ?"

ಇನ್ನೊಬ್ಬಳು ಎಸೆದಳು. ಮತ್ತೊಬ್ಬಳು. ಪೊಲೀಸರು ಲಾಠಿ ಬೀಸುತ್ತ ಅತ್ತ ಓಡುವಷ್ಟರಲ್ಲಿ ಹತ್ತು ಹಗ್ಗವೂ ಬೆಂಕಿಯಲ್ಲಿದ್ದವು. ಒಬ್ಬಳ ತಲೆ ಒಡೆಯಿತು. ಹಣೆಯ ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವಳು ಬೆಂಕಿಯ ಮುಂದಿನಿಂದ ಸರಿಯಲಿಲ್ಲ.

ಕೆಂಪು ಗಾಡಿಯಲ್ಲಿ ಠಾಣೆಯ ಹಗ್ಗಗಳು ಬೇಕಾದಷ್ಟಿದ್ದವು. ಅವನ್ನು ಕಟ್ಟಿಕೊಳ್ಳುವ ಸೊಂಟವಿರಲಿಲ್ಲ. ಸುಬ್ರಹ್ಮಣ್ಯ ಕೇರಿಯ ಗಂಡಸರನ್ನು ಒಬ್ಬೊಬ್ಬರಾಗಿ ಕರೆದ. ಮೊದಲು ಗದರಿಸಿದ, ಆಮೇಲೆ ಹೊಡೆಸಿದ. ಅವರು ಏಟು ತಿಂದರು. "ಎಂಗಸ್ರು ಕೈಯಾಗೆ ಅಗ್ಗ ಇಲ್ದೆ ಇಳ್ಯಾಕಿಲ್ಲ ಸಾ," ಎಂದರು. ಎಲ್ಲರದೂ ಅದೇ ಮಾತು.

ಹೊಳೆಯಲ್ಲಿ ಉಳಿದಿದ್ದ ಹಗ್ಗ ಒಂದೇ. ಅದರ ಕೆಳತುದಿ ಮಾದುವಿನ ಸೊಂಟದಲ್ಲಿತ್ತು.

ಬಿಸಿಲು ನೆತ್ತಿಗೆ ಬಂತು. ತಹಸೀಲ್ದಾರರ ಜೀಪು ಬರುವ ಹೊತ್ತಾಯಿತು. ಮೆಟ್ಟಿಲಿನ ಮೇಲೆ ಶಿವಮಲ್ಲಪ್ಪನ ಹೆಂಡತಿ ಮಗನ ಹೆಸರು ಹಿಡಿದು ಕೂಗುತ್ತಿದ್ದಳು. ಆ ಕೂಗು ರಾಮಮ್ಮನ ಹೊಟ್ಟೆಗೂ ಇಳಿಯಿತು. ಅವಳು ಶಿವಮಲ್ಲಪ್ಪನ ಮುಂದೆ ಎದ್ದು ನಿಂತಳು.

"ಚಿಕ್ಕಸ್ವಾಮಿ ಇಳೀತಾನೆ. ಅವ್ನ್ ಕುಡುಗೋಲು ಅವ್ನ್ ಸೊಂಟ್ದಾಗೇ ಇರ್ಬೇಕು. ಅಗ್ಗ ಇಡ್ಯೋಳು ನಾನು. ದೋಣೀಲಿ ಕೂತ್ಕಂಡು ಇಡೀತೀನಿ. ಮೊದ್ಲು ನನ್ ಗಂಡ ಬರ್ಬೇಕು. ದೋಣೀಲೇ ಬರ್ಬೇಕು."

"ಹೆಣಾನ ದೋಣಿಗೆ ಹಾಕಲ್ಲ ಕಣಮ್ಮ," ಎಂದ ಸುಬ್ರಹ್ಮಣ್ಯ.

"ಅಂಗಾರೆ ಆಯ್ತು ಸಾ." ಅವಳು ಮತ್ತೆ ನೆಲದ ಮೇಲೆ ಕೂತಳು.

ಶಿವಮಲ್ಲಪ್ಪ ಹೆಂಡತಿಯ ಕಡೆ ನೋಡಿದ. ಹಲ್ಲು ಕಚ್ಚಿಕೊಂಡು, "ಅತ್ತಿಸ್ಕಳಿ ಅವ್ಳುನ್ನ. ಆಮ್ಯಾಕೆ ನೋಡ್ಕಳನ," ಎಂದ.

ರಾಮಮ್ಮ ದೋಣಿ ಹತ್ತಿದಳು. ರಬ್ಬರು ಕಾಲ ಕೆಳಗೆ ಮೆತ್ತಗೆ ಕುಸಿಯಿತು. ಮೂಲೆಯಲ್ಲಿ ಪೂಜೆಯ ಕುಂಕುಮ ಇನ್ನೂ ಅಂಟಿತ್ತು. ಮೋಟಾರಿನವನು ಇಳಿದು ಜಾಗ ಬಿಟ್ಟ, ಶಿವಣ್ಣ ಮೋಟಾರಿನ ಹತ್ತಿರಕ್ಕೆ ಸರಿದು ಕೂತ. ಶಿವಮಲ್ಲಪ್ಪ ನಡುವೆ ಕೂತ. ಚಿಕ್ಕಸ್ವಾಮಿ ನೀರಿನಲ್ಲೇ ಬಂದ. ರಾಮಮ್ಮ ಡಬ್ಬ ಬಿಚ್ಚಿ, ಅವನ ಕುಡುಗೋಲಿನಿಂದ ತೇಲುವ ತುದಿಯ ಒಂದು ಮಾರು ಹಗ್ಗ ಕುಯ್ದು, ಅದನ್ನು ಅವನ ಸೊಂಟಕ್ಕೂ ಮುಖ್ಯ ಹಗ್ಗಕ್ಕೂ ಬಳೆಯ ಹಾಗೆ ಹೆಣೆದಳು. ಹಗ್ಗದ ಮೇಲೆ ಜಾರುತ್ತ ಅವನು ಅಣ್ಣನಿರುವಲ್ಲಿಗೆ ಹೋಗಬೇಕಿತ್ತು.

"ಬತ್ತೀನಿ ಅತ್ಗಮ್ಮ," ಎಂದು ಮುಳುಗಿದ.

ಅವಳು ಎರಡೂ ಕೈಯಲ್ಲಿ ಹಗ್ಗ ಹಿಡಿದಳು. ಮುರಿದ ಬೆರಳುಗಳು ಮಡಚಲಿಲ್ಲ. ಉಳಿದವು ಮಡಚಿದವು. ದೋಣಿ ಜರುಗಿದಾಗ ಒಂದು ಗೇಣು ಬಿಟ್ಟಳು, ನಿಂತಾಗ ಒಂದು ಗೇಣು ತೆಗೆದುಕೊಂಡಳು. ಕೆಳಗೆ ಅವನು ಪೈಪನ್ನು ತಡವುತ್ತಿರುವುದು ತಿಳಿಯಿತು. ಸುತ್ತು ಬಿಚ್ಚುತ್ತಿರುವುದು ತಿಳಿಯಿತು. ಒಂದು ಸುತ್ತು. ಎರಡು. ಹಗ್ಗಕ್ಕೆ ಇದ್ದಕ್ಕಿದ್ದಂತೆ ಭಾರ ಬಂತು. ಆಮೇಲೆ ನಡುಗಿತು.

ಎಳೆದಳು. ಬೆನ್ನನ್ನು ಹಿಂದಕ್ಕೆ ಹಾಕಿ, ಕಾಲನ್ನು ದೋಣಿಯ ಅಂಚಿಗೆ ಕೊಟ್ಟು ಎಳೆದಳು. ಅಂಗೈಯ ಚರ್ಮ ಹಗ್ಗಕ್ಕೆ ಅಂಟಿ ಹೋಯಿತು. ಮೊದಲು ಚಿಕ್ಕಸ್ವಾಮಿಯ ತಲೆ ಕಂಡಿತು. ಅವನ ಹೆಗಲ ಮೇಲೆ ಮಾದುವಿನ ತಲೆಯಿತ್ತು.

"ಇವ್ನ್ ಕಾಲು ಇಡ್ಕಳಿ ಸಾ," ಎಂದಳು ಶಿವಣ್ಣನಿಗೆ. ಅವನು ಕೈ ಚಾಚಲಿಲ್ಲ. ಚಿಕ್ಕಸ್ವಾಮಿ ಕೆಳಗಿನಿಂದ ನೂಕಿದ. ಅವಳು ಕಂಕುಳಿಗೆ ಕೈ ಹಾಕಿ ಎಳೆದಳು. ಮಾದು ದೋಣಿಯೊಳಕ್ಕೆ ಬಿದ್ದ. ಬಾಯಿಂದ ನೀರು, ಮರಳು ಸುರಿಯಿತು. ಶಿವಮಲ್ಲಪ್ಪ ಕಾಲು ಎತ್ತಿಕೊಂಡ. ಅವಳು ಗಂಡನ ಮುಖದ ಮೇಲಿನ ಕೆಸರನ್ನು ಸೆರಗಿನಿಂದ ಒರೆಸಿದಳು. ಕಣ್ಣು ಮುಚ್ಚಿದಳು.

ಮಾದುವಿನ ಬಲಗೈ ಮುಷ್ಟಿ ಕಟ್ಟಿತ್ತು. ಬೆರಳುಗಳ ನಡುವೆ ಏನೋ ಹೊಳೆಯಿತು. ಶಿವಮಲ್ಲಪ್ಪ ಬಗ್ಗಿ ನೋಡಿದ. ಚಿನ್ನದ ಸರದ ತುಂಡು. ನಟರಾಜನ ಕೊರಳ ಸರ.

ಮಾದು ಅವನನ್ನು ಕಂಡುಹಿಡಿದಿದ್ದ. ಕತ್ತಲ ನೀರಿನಲ್ಲಿ ಕೈಗೆ ಸಿಕ್ಕ ಕೊರಳನ್ನು ಹಿಡಿದಿದ್ದ. ಹಗ್ಗ ಅವನನ್ನು ಹಿಂದಕ್ಕೆ ಎಳೆದಾಗಲೂ ಕೈ ಬಿಟ್ಟಿರಲಿಲ್ಲ, ಸರವೇ ಹರಿದಿತ್ತು.

ಶಿವಮಲ್ಲಪ್ಪ ಆ ಮುಷ್ಟಿ ಬಿಡಿಸಲು ಹೋದ. ಬಿಡಲಿಲ್ಲ. ಒಂದು ಬೆರಳನ್ನು ಹಿಂದಕ್ಕೆ ಮುರಿದ. ಲಟಕ್ ಎಂದಿತು. ಇನ್ನೊಂದನ್ನೂ ಮುರಿದ. ಸರ ತೆಗೆದು ಜೇಬಿಗಿಟ್ಟುಕೊಂಡ.

"ಕಳ್ ನನ್ಮಗ," ಎಂದ. "ಎಣದ್ ಕತ್ಗೇ ಕೈ ಆಕವ್ನೆ."

ನೀರಿನಲ್ಲಿದ್ದ ಚಿಕ್ಕಸ್ವಾಮಿ ಅಂಚು ಹಿಡಿದು ತೇಕುತ್ತಿದ್ದ.

"ನೋಡ್ತಾ ಏನ್ಲಾ? ನನ್ ಮಗ ಅಲ್ಲೇ ಅವ್ನೆ. ಮುಳ್ಗು."

ರಾಮಮ್ಮ ಗಂಡನ ಮುರಿದ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದಳು. ಆ ಕೈಯನ್ನು ಅವನ ಎದೆಯ ಮೇಲಿಟ್ಟಳು. ಆಮೇಲೆ ಬಗ್ಗಿ ಚಿಕ್ಕಸ್ವಾಮಿಯ ಸೊಂಟದ ಗಂಟು ಬಿಚ್ಚಿದಳು. "ಮ್ಯಾಕೆ ಬಾ," ಎಂದಳು. ಅವನು ಅನುಮಾನಿಸಿದ. "ಬಾ ಕಣಪ್ಪ, ಅತ್ತು." ಅವನು ದೋಣಿ ಹತ್ತಿ ಅಣ್ಣನ ಕಾಲ ಹತ್ತಿರ ಕೂತ. ಅವನ ಮೈಯಿಂದ ನೀರು ಇಳಿದು ಶಿವಮಲ್ಲಪ್ಪನ ಪಂಚೆಗೆ ಹರಿಯಿತು.

ಅವಳು ಮಾದುವಿನ ಸೊಂಟದಿಂದಲೂ ಹಗ್ಗ ಬಿಚ್ಚಿದಳು. ಹಸಿ ಗಂಟು. ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಯಿತು. ಆ ತುದಿಯನ್ನು ಶಿವಮಲ್ಲಪ್ಪನ ಎದೆಯ ಮುಂದೆ ಹಿಡಿದಳು.

"ತಕ್ಕಳಿ ಶಿವಮಲ್ಲಪ್ಪೋರೇ. ಕಟ್ಕಳಿ."

ಬುದ್ಧಿ ಎನ್ನಲಿಲ್ಲ. ಅವನಿಗೆ ಅದು ಮೊದಲು ಕೇಳಿಸಿತು, ಉಳಿದದ್ದು ಆಮೇಲೆ.

"ಏನಂದೆ?"

"ಗುಂಡಿ ನೀವು ತೋಡ್ಸಿದ್ದು. ಮಗ ನಿಮ್ಮೋನು. ಇಳೀರಿ. ಅಗ್ಗ ನಾನ್ ಇಡ್ಕತೀನಿ."

ಅವನು ಶಿವಣ್ಣನ ಕಡೆ ತಿರುಗಿದ. "ನೀನಿಳಿಯೋ! ಸರ್ಕಾರ್ದ ಸಂಬ್ಳ ತಿನ್ನಕಿಲ್ವಾ?"

ಶಿವಣ್ಣನ ಮುಖ ಬಿಳುಪೇರಿತ್ತು. "ನಂಗೆ ಮುಳುಗಕ್ಕೆ ಬರಲ್ಲ ಸಾರ್. ನಂದು ಬೆಂಕಿ ಟ್ರೈನಿಂಗು."

ಶಿವಮಲ್ಲಪ್ಪ ಹುಟ್ಟು ಕಿತ್ತುಕೊಂಡು ರಾಮಮ್ಮನಿಗೆ ಹೊಡೆದ. ಭುಜಕ್ಕೆ ಬಿತ್ತು. ಎರಡನೆಯದು ಕಿವಿಗೆ ಬಿತ್ತು. ಓಲೆ ಕಿತ್ತು ಕಿವಿ ಹರಿಯಿತು, ರಕ್ತ ಕೊರಳಿಗಿಳಿಯಿತು. ಮೂರನೆಯದನ್ನು ಎತ್ತಿದಾಗ ಚಿಕ್ಕಸ್ವಾಮಿ ಅದನ್ನು ಗಾಳಿಯಲ್ಲೇ ಹಿಡಿದ. ಎಳೆದುಕೊಂಡು ಹೊಳೆಗೆ ಎಸೆದ.

ಹಗ್ಗದ ತುದಿ ಇನ್ನೂ ಶಿವಮಲ್ಲಪ್ಪನ ಎದೆಯ ಮುಂದೆಯೇ ಇತ್ತು. ಅದರಿಂದ ಬಿದ್ದ ಕೆಸರುನೀರು ಅವನ ಬಿಳಿ ಅಂಗಿಯಲ್ಲಿ ಹರಡುತ್ತಿತ್ತು.

"ಅವ್ವಾ," ಎಂದ ಅವನು. "ತಾಯಿ, ಒಬ್ಬನೇ ಮಗ ಕಣವ್ವಾ."

"ಊ. ನಂಗೂ ಒಬ್ಬನೇ ಗಂಡ."

"ಏನ್ ಬೇಕಾರೂ ಕೇಳು."

"ಕೇಳ್ತಾ ಇವ್ನಿ. ಇಳೀರಿ ಅಂತ."

ಅವನು ಅವಳ ಕೈ ನೋಡಿದ. ಓರೆಯಾಗಿ ಊದಿದ ಬೆರಳು, ಚರ್ಮ ಸುಲಿದ ಅಂಗೈ. ಕೆಳಗಿನ ಕಂದು ನೀರು ನೋಡಿದ. ಮತ್ತೆ ಅವಳ ಮುಖ ನೋಡಿದ. ಇಳಿದರೆ ತನ್ನ ಉಸಿರು ಆ ಕೈಯಲ್ಲಿರುತ್ತದೆ. ಇವಳು ಎಳೆಯುತ್ತಾಳೆಯೇ? ತಾನು ಏನು ಮಾಡಿದ್ದೇನೆಂದು ಅವನಿಗೆ ಗೊತ್ತಿತ್ತು. ಆದ್ದರಿಂದಲೇ ಅವಳು ಎಳೆಯುತ್ತಾಳೋ ಇಲ್ಲವೋ ಎಂದು ಗೊತ್ತಾಗಲಿಲ್ಲ.

ಅವನ ಕೈ ಮೇಲೇಳಲಿಲ್ಲ.

"ದಡಕ್ಕೆ ನಡೀರಿ ಸಾ," ಎಂದಳು ಶಿವಣ್ಣನಿಗೆ. ಶಿವಣ್ಣ ಶಿವಮಲ್ಲಪ್ಪನನ್ನು ಕೇಳಲಿಲ್ಲ. ಮೋಟಾರಿನ ದಾರ ಎಳೆದ.

ದಡದಲ್ಲಿ ತಹಸೀಲ್ದಾರರ ಜೀಪು ಬಂದು ನಿಂತಿತ್ತು. ಪೊಲೀಸರು ನಾಲ್ಕಾರು ಮಂದಿಯಾಗಿದ್ದರು. ಲಾಠಿ ಹಿಡಿದು ನೀರಿನಂಚಿಗೆ ಬಂದು ಸಾಲಾಗಿ ನಿಂತಿದ್ದರು. ಅವರ ಹಿಂದೆ ಸುಬ್ರಹ್ಮಣ್ಯ ಕೈ ಬೀಸಿ ಏನೋ ಕೂಗುತ್ತಿದ್ದ. ಮೊದಲು ಹೆಣ ಇಳಿಸಿ, ದೋಣಿ ತೊಳಿಬೇಕು ಎನ್ನುತ್ತಿದ್ದ.

ದೋಣಿಯ ಮೂತಿ ದಡಕ್ಕೆ ತಾಗಿತು. ಒಬ್ಬ ಪೊಲೀಸಿನವನು ಅಂಚಿಗೆ ಬಂದು ಲಾಠಿಯಿಂದ ಅವಳ ಹೆಗಲನ್ನು ತಿವಿದ.

"ಇಳಿಯಮ್ಮ."

ರಾಮಮ್ಮ ಗಂಡನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕಾಲು ಚಾಚಿ ಕೂತಳು.

"ಇಳ್ಯಾಕಿಲ್ಲ," ಎಂದಳು. "ತಹಸೀಲ್ದಾರ್ರು ಇಲ್ಲಿಗೇ ಬರ್ಲಿ. ಇವ್ನು ಯಾರ್ ಗುಂಡೀಲಿ ಸತ್ತ, ಈಗ ಎಲ್ಲವ್ನೆ ಅಂತ ನೋಡ್ಲಿ."